ಬ್ರೇಕ್ ಇಲ್ಲದ ಬೋಟು, ಬಸ್ ಡ್ರೈವರ್ ಮಾವ

ನಮ್ಮ ಮಾವ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿದವರು. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ನಮ್ಮ ಮನೆಗೆ ಬಂದ ಎರಡೇ ವಾರಕ್ಕೆ ಅವರಿಗೆ ಬೇಜಾರು ಹಿಡಿಯಿತು. ನಾವು ನಾಲ್ಕು ಜನ ಸ್ನೇಹಿತರು ಸೇರಿ ತಗೊಂಡ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ ಕಿರಿದಾದ ಬೋಟು) ಒಂದು ಗೇಟನ್ ಹತ್ತಿರ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿದೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋದೆ.

ಉದ್ದ 57 ಅಡಿ. ಅಗಲ ಏಳು ಅಡಿಗೆ ಎರಡಂಗುಲ ಕಮ್ಮಿ. "ಇದೇನು ಅಳಿಯಂದ್ರೆ, ರೈಲು ಬೋಗಿನಾ?" ಅಂದರು ಮಾವ.

ಅತಿಥಿಗಳನ್ನು ಸುಮ್ನೆ ಕೂರಿಸಿದರೆ ಅರ್ಧ ಗಂಟೆಗೆ ತೂಕಡಿಸುತ್ತಾರೆ. ವೇಗದ ಮಿತಿಯೇ ಗಂಟೆಗೆ 4 ಮೈಲಿ! ಕಟ್ಟಿ ನಿಲ್ಲಿಸಿದ ಬೋಟುಗಳ ಪಕ್ಕ ಇನ್ನೂ ನಿಧಾನ, ಇಲ್ಲದಿದ್ದರೆ ಅವುಗಳ ಹಗ್ಗ ಜಗ್ಗಿ ಒಳಗಿದ್ದವರ ಟೀ ಚೆಲ್ಲುತ್ತದೆ. ಹಾಗಾಗಿ ಆ ಸಾಲು ದಾಟಿದ ಕೂಡಲೇ ನಾನು ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೆಯನ್ನು, ಅತಿಥಿಯ ಕೈಗೆ ಕೊಟ್ಟುಬಿಡುತ್ತೇನೆ.

"ಬ್ರೇಕ್ ಎಲ್ಲಿ?"

ಇಲ್ಲ. ನಿಲ್ಲಿಸಬೇಕಾದರೆ ರಿವರ್ಸ್ ಹಾಕಬೇಕು. ಟಿಲ್ಲರ್ ಎಡಕ್ಕೆ ತಳ್ಳಿದರೆ ಬೋಟಿನ ಮೂತಿ ಬಲಕ್ಕೆ ಹೋಗುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಎದುರಿಂದ ಒಂದು ಬೋಟು ಬಂತು. ಇಂಗ್ಲೆಂಡಿನಲ್ಲಿ ರಸ್ತೆಯಲ್ಲಿ ಎಡಕ್ಕೆ ಹೋದರೆ, ಕಾಲುವೆಯಲ್ಲಿ ಬಲಕ್ಕೆ ಹೋಗಬೇಕು. ಮಾವ ಗಾಬರಿಯಲ್ಲಿ ಸ್ಟೇರಿಂಗ್ ತಿರುಗಿಸಿದ ಹಾಗೆ ಬಲಕ್ಕೇ ಎಳೆದರು. ನಮ್ಮ ಮೂತಿ ಎಡದಂಡೆಯ ಜೊಂಡಿಗೆ ನುಗ್ಗಿ, ಬೋಟು ಕಾಲುವೆಗೆ ಅಡ್ಡ ನಿಂತಿತು. ಉದ್ದನೆ ಗಳ ಊರಿ ನೂಕಿ ಬಿಡಿಸೋಕೆ ಹತ್ತು ನಿಮಿಷ ಬೇಕಾಯಿತು. ಎದುರಿನವನು ಮಗ್ ಹಿಡಿದು ನಗುತ್ತಾ ಕಾದ. ಮಾವ ಮಾತ್ರ ನಗಲಿಲ್ಲ.

ಆಮೇಲೆ ಬ್ಲಿಸ್‌ವರ್ತ್ ಸುರಂಗ. 1805ರಲ್ಲಿ ಸಂಚಾರಕ್ಕೆ ತೆರೆದದ್ದು, 2.8 ಕಿಲೋಮೀಟರ್ ಉದ್ದ. ಒಳಗೆ ದೋಣಿ ಎಳೆಯುವ ಕುದುರೆಗೆ ಕಾಲುದಾರಿ ಇಲ್ಲ. ಎಂಜಿನ್ ಬರುವ ಮೊದಲು ಆಳುಗಳು ಅಂಗಾತ ಮಲಗಿ, ಗೋಡೆಗೆ ಕಾಲು ಒದ್ದು ದೋಣಿ ದಾಟಿಸುತ್ತಿದ್ದರಂತೆ. ಗಾಳಿಕಿಂಡಿಗಳಿಂದ ತಲೆ ಮೇಲೆ ತಣ್ಣೀರು ಬೀಳುತ್ತದೆ, ಅತಿಥಿಗೆ ಮೊದಲೇ ರೈನ್‌ಕೋಟ್ ಹಾಕಿಸಿ. ನಾನು ಮರೆತಿದ್ದೆ.

ಸುರಂಗ ದಾಟಿದರೆ ಸ್ಟೋಕ್ ಬ್ರೂರ್ನ್ ಹಳ್ಳಿ. ಲಾಕ್ (ಬೋಟುಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆ) ಪಕ್ಕದಲ್ಲೇ ಹುಲ್ಲುಮಾಡಿನ ಬೋಟ್ ಇನ್ ಪಬ್. ನನಗೆ ವಾಪಸ್ ಓಡಿಸೋದಿತ್ತು, ಇಬ್ಬರೂ ನಿಂಬೆ ಸೋಡಾ, ಚಿಪ್ಸ್ ತಗೊಂಡೆವು. ಒಳಗೆ ನಾರ್ಥಾಂಪ್ಟನ್‌ಶೈರ್ ಕಡೆಯ ಸ್ಕಿಟಲ್ಸ್ ಮೇಜಿದೆ: ಒಂಬತ್ತು ಗೂಟ, ಬೀಳಿಸೋಕೆ ಮೂರು ಮರದ ಬಿಲ್ಲೆ. ಬಿಲ್ಲೆಗೆ ಅವರು 'ಚೀಸ್' ಅನ್ನುತ್ತಾರೆ. "ತಿನ್ನೋದಲ್ವಾ ಇದು?" ಅಂದ ಮಾವ ಮೊದಲ ಬಿಲ್ಲೆಗೇ ನಾಲ್ಕು ಗೂಟ ಉರುಳಿಸಿದರು. ಎಷ್ಟಾದರೂ ಲಗೋರಿ ಆಡಿದ ಕೈ.

ವಾಪಸ್ ಬರುವಾಗ ಸುರಂಗದೊಳಗೆ ಎದುರಿಂದ ಲೈಟು ಕಾಣಿಸಿತು. ಎರಡು ಬೋಟು ದಾಟುವಷ್ಟು ಜಾಗವಿದೆ, ಆದರೆ ಅಷ್ಟೇ. ನಾನು ಟಿಲ್ಲರಿಗೆ ಕೈ ಚಾಚಿದೆ.

"ಬಿಡ್ರಿ, ಘಾಟೀಲಿ ಎಷ್ಟು ಲಾರಿಗೆ ಸೈಡ್ ಕೊಟ್ಟಿದೀನಿ," ಅನ್ನುತ್ತಾ ಮಾವ ಮೆಲ್ಲಗೆ ಎಡಕ್ಕೆ ತಳ್ಳಿದರು.