ಎಪಿಕ್ಯೂರಸ್‌ನನ್ನು ಓದಲು ತೊಡಗುವ ಬಗೆ

ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನನ್ನು ಓದಬಯಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅವನು ಮೆನೋಯ್ಕಿಯಸ್ ಎಂಬವನಿಗೆ ಬರೆದ ಪತ್ರ. ಕೆಲವೇ ಪುಟಗಳ ಈ ಪತ್ರವನ್ನು ಅವಸರದಲ್ಲಿ ಮುಗಿಸದೆ, ದೇವರು, ಸಾವು, ಬಯಕೆ, ಸುಖ ಎಂಬ ವಿಷಯಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದನ್ನು ಗುರುತಿಸುತ್ತ ಓದಬೇಕು. ಸುಖವೇ ಬದುಕಿನ ಗುರಿ ಎನ್ನುವುದಕ್ಕೆ ಮೊದಲು ಅವನು ದೇವರ ಭಯವನ್ನೂ ಸಾವಿನ ಭಯವನ್ನೂ ನೀಗಿಸಲು ಯತ್ನಿಸುತ್ತಾನೆ. ಇದನ್ನು ಗಮನಿಸಿದವರು ಅವನನ್ನು ಬರಿಯ ಭೋಗವಾದಿ ಎಂದು ತಳ್ಳಿಹಾಕಲಾರರು.

ಸಾವಿನ ಕುರಿತ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಒಳಿತು ಕೆಡುಕುಗಳೆಲ್ಲ ಇರುವುದು ಸಂವೇದನೆಯಲ್ಲಿ, ಸಾವೆಂದರೆ ಸಂವೇದನೆಯ ಅಳಿವು, ಆದ್ದರಿಂದ ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ ಎಂಬುದು ಅವನ ವಾದ. ಇದರ ಒಂದೊಂದು ಹೆಜ್ಜೆಯನ್ನೂ ಬೇರೆಬೇರೆಯಾಗಿ ಬರೆದುಕೊಂಡು, ನಮ್ಮ ಅಂಜಿಕೆ ಇವುಗಳಲ್ಲಿ ಯಾವುದಕ್ಕೆ ಮಣಿಯುತ್ತದೆ, ಯಾವುದಕ್ಕೆ ಮಣಿಯುವುದಿಲ್ಲ ಎಂದು ಪರೀಕ್ಷಿಸಿಕೊಳ್ಳಬೇಕು. ನಮ್ಮನ್ನು ನಂಬಿದವರ ಗತಿಯೇನು ಎಂಬ ಚಿಂತೆಗೆ ಈ ವಾದ ಸಾಲದು ಎಂದೇ ನನ್ನ ಅಭಿಪ್ರಾಯ. ಬಯಕೆಗಳನ್ನು ಸಹಜವೂ ಅಗತ್ಯವೂ ಆದವು, ಸಹಜವಾದರೂ ಅಗತ್ಯವಲ್ಲದವು, ಎರಡೂ ಅಲ್ಲದವು ಎಂದು ಅವನು ವಿಂಗಡಿಸುವುದನ್ನೂ, ಹಸಿದವನಿಗೆ ರೊಟ್ಟಿ ನೀರುಗಳೇ ಪರಮಸುಖ ಕೊಡುತ್ತವೆ ಎನ್ನುವುದನ್ನೂ ಜೊತೆಗಿಟ್ಟು ಓದಬೇಕು.

ಅನಂತರ ಅವನ ಬೋಧನೆಯ ಸಾರವಾದ 40 ‘ಮುಖ್ಯ ಸೂತ್ರ’ಗಳಿಗೆ ಬರಬಹುದು. ಆಕಾಶದ ವಿದ್ಯಮಾನಗಳೂ ಸಾವೂ ನಮ್ಮನ್ನು ಕಾಡದಿದ್ದರೆ ಪ್ರಕೃತಿಶಾಸ್ತ್ರವೇ ಬೇಕಿರಲಿಲ್ಲ ಎನ್ನುವ 11ನೆಯ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಪರಮಾಣು ಮತ್ತು ಶೂನ್ಯವನ್ನು ವಿವರಿಸುವ, ಹೆರೊಡೋಟಸ್‌ಗೆ ಬರೆದ ಕಠಿಣ ಪತ್ರದ ಉದ್ದೇಶ ಸ್ಪಷ್ಟವಾಗುತ್ತದೆ. ಈ ಹೆರೊಡೋಟಸ್ ಪ್ರಸಿದ್ಧ ಇತಿಹಾಸಕಾರನಲ್ಲ.

ಜೀವನಚರಿತ್ರೆಯನ್ನು ಆಮೇಲೆ ಓದುವುದು ಲೇಸು. ಕ್ರಿ.ಪೂ. 341ರಲ್ಲಿ ಸಾಮೋಸ್ ದ್ವೀಪದಲ್ಲಿ ಹುಟ್ಟಿದ ಅವನು ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸ್‌ನಲ್ಲಿ ‘ತೋಟ’ ಎಂದೇ ಹೆಸರಾದ ಶಾಲೆಯನ್ನು ತೆರೆದನು. ಅಲ್ಲಿ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿತ್ತು. ಮೇಲೆ ಹೇಳಿದ ಪತ್ರಗಳನ್ನು ಉಳಿಸಿಕೊಟ್ಟ ಡಯೋಜನೀಸ್ ಲಯೇರ್ಷಿಯಸ್ ಎಂಬವನು ಬರೆದ ತತ್ತ್ವಜ್ಞಾನಿಗಳ ಚರಿತ್ರೆಯ 10ನೆಯ ಸಂಪುಟವೇ ಅವನ ಜೀವನಕ್ಕೂ ಮುಖ್ಯ ಆಧಾರ. ಅದರಲ್ಲಿ ವಿರೋಧಿಗಳ ದೂಷಣೆಗಳೂ ಸೇರಿರುವುದರಿಂದ, ಯಾವ ಮಾತು ಯಾರದು ಎಂದು ನೋಡಿಕೊಂಡೇ ನಂಬಬೇಕು. ಸಾಯುವ ದಿನ ಅಸಹನೀಯ ನೋವಿನ ನಡುವೆ ಎಪಿಕ್ಯೂರಸ್ ತನ್ನ ಶಿಷ್ಯ ಇಡೊಮೆನಿಯಸ್‌ಗೆ ಬರೆದ ಪತ್ರವೂ ಅಲ್ಲಿದೆ: ಹಿಂದಿನ ಸಂಭಾಷಣೆಗಳ ನೆನಪಿನ ಸಂತೋಷವನ್ನು ನೋವಿಗೆ ಎದುರಾಗಿ ನಿಲ್ಲಿಸಿ, ಗೆಳೆಯ ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೊಳ್ಳಲು ಅವನು ಕೋರುತ್ತಾನೆ.

ಇಷ್ಟಾದ ಮೇಲೆ ಪರಮಾಣುವಾದವನ್ನು ವಿಸ್ತಾರವಾಗಿ ತಿಳಿಯಬಯಸುವವರು ಎಪಿಕ್ಯೂರಸ್‌ನ ಅನುಯಾಯಿಯಾದ ರೋಮನ್ ಕವಿ ಲುಕ್ರೀಷಿಯಸ್‌ನ ಲ್ಯಾಟಿನ್ ಕಾವ್ಯದ ಅನುವಾದವನ್ನು ಓದಬಹುದು. ಎಪಿಕ್ಯೂರಸ್‌ನದೇ ಆದ, 37 ಸಂಪುಟಗಳ ಪ್ರಕೃತಿಗ್ರಂಥ ಜ್ವಾಲಾಮುಖಿಯಲ್ಲಿ ಹೂತುಹೋದ ಇಟಲಿಯ ಹೆರ್ಕ್ಯುಲೇನಿಯಮ್ ಪಟ್ಟಣದ ಸುಟ್ಟ ಸುರುಳಿಗಳಲ್ಲಿ ತುಣುಕುತುಣುಕಾಗಿ ಮಾತ್ರ ದೊರೆತಿದ್ದು, ಹೊಸ ಓದುಗರು ಸದ್ಯಕ್ಕೆ ಅದನ್ನು ಬದಿಗಿಡಬಹುದು.