ಡಾಟ್ ಗಿಟಾರ್ ಬಿಟ್ಟು ಕ್ಯಾಸಿನೊ ಗಿಟಾರ್ ಹಿಡಿದೆ: ನನ್ನ ಅನುಭವ

ಗಣೇಶೋತ್ಸವದ ಸ್ಟೇಜಿಗೆ ಪೂರ್ತಿ ಟೊಳ್ಳು ಗಿಟಾರ್ ತಂದರೆ ಫೀಡ್‌ಬ್ಯಾಕ್ (ಸ್ಪೀಕರ್ ಸದ್ದು ಗಿಟಾರಿಗೇ ಮರಳಿ ಹೊಕ್ಕು ಬರುವ ಕಿರುಚಲು) ಕೂಗಿ ಮಾನ ಹೋಗುತ್ತೆ ಅಂತ ನಮ್ಮ ಆರ್ಕೆಸ್ಟ್ರಾದವರೆಲ್ಲ ಹೆದರಿಸಿದ್ದರು. ಈಗ ಒಂದೆರಡು ಸೀಸನ್‌ನಿಂದ ಅಂಥದೇ ಟೊಳ್ಳು ಗಿಟಾರ್, ಎಪಿಫೋನ್ ಕಂಪನಿಯ ಕ್ಯಾಸಿನೊದಲ್ಲೇ ನುಡಿಸುತ್ತಿದ್ದೇನೆ. ಹೆದರಿಸಿದವರೇ ಈಗ "ಒಳಗೆ ಏನು ಹಾಕಿದ್ದೀಯ" ಅಂತ ಕೇಳುತ್ತಾರೆ.

ನನ್ನ ಮುಂದಿದ್ದ ಇನ್ನೊಂದು ಗಿಟಾರ್ ಎಪಿಫೋನ್ ಡಾಟ್. ದೂರದಿಂದ ಎರಡೂ ಒಂದೇ ಥರ. ಅದೇ ಎರಡು ಕೊಂಬು, ಅದೇ ಎಫ್-ಹೋಲ್ (ಮೈಮೇಲಿನ f ಆಕಾರದ ತೂತು). ಆದರೆ ಡಾಟ್ ಗಿಬ್ಸನ್ ಕಂಪನಿಯ ಇಎಸ್-335 ಜಾತಿಯದು, ಒಳಗೆ ನಡುವೆ ಮರದ ಬ್ಲಾಕ್ ಇದೆ, ಹಂಬಕರ್ ಇದೆ, ಅಂದರೆ ಗುಂಯ್ ಸದ್ದು ತಗ್ಗಿಸುವ ಎರಡು ಸುರುಳಿಯ ಪಿಕಪ್ (ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ). ಕ್ಯಾಸಿನೊ ಒಳಗೆ ಖಾಲಿ, ಪಿಕಪ್ ಒಂದೇ ಸುರುಳಿಯ ಪಿ-90. ಹೆಗಲಿಗೆ ಹಾಕಿದ ಕೂಡಲೇ ತೂಕದ ವ್ಯತ್ಯಾಸ ಗೊತ್ತಾಗುತ್ತೆ.

ಅಂಗಡಿಯಲ್ಲಿ ಸಣ್ಣ ವಾಲ್ಯೂಮ್‌ನಲ್ಲಿ ನುಡಿಸಿ ತೀರ್ಮಾನ ಮಾಡಬೇಡಿ. ನಾನು ಹೋದ ಒಂದು ಅಂಗಡಿಯಲ್ಲಿ ಕ್ಯಾಸಿನೊಗೆ ತುಕ್ಕು ಹಿಡಿದ ತಂತಿ, ಡಾಟ್‌ಗೆ ಹೊಸ ತಂತಿ. ಯಾವುದು ಚೆನ್ನಾಗಿ ಕೇಳುತ್ತೆ ಹೇಳಿ! ನಾನು ಗೆಳೆಯನ ಡಾಟ್ ಎರವಲು ತಂದೆ. ಸೆಕೆಂಡ್ ಹ್ಯಾಂಡ್ ಕ್ಯಾಸಿನೊ ಒಂದಕ್ಕೆ ಅಡ್ವಾನ್ಸ್ ಕೊಟ್ಟು ಒಂದು ವಾರ ಇಟ್ಟುಕೊಂಡೆ. ಎರಡಕ್ಕೂ ಒಂದೇ ಸೆಟ್ ತಂತಿ, ನನ್ನದೇ ಆಂಪ್ (ಆಂಪ್ಲಿಫೈಯರ್), ಪಕ್ಕದಲ್ಲಿ ಡ್ರಮ್ಮರ್. ಡಾಟ್ ಎಷ್ಟು ಜೋರು ಮಾಡಿದರೂ ಗಟ್ಟಿಯಾಗಿ ನಿಂತಿತು. ಆದರೆ ಕೀಬೋರ್ಡ್ ಬಂದ ತಕ್ಷಣ ನನ್ನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಅದರಲ್ಲೇ ಮುಳುಗಿದವು. ಕ್ಯಾಸಿನೊದ ರಿದಂ ಮಾತ್ರ ಮೇಲೆದ್ದು ಕೇಳಿಸಿತು. ಜೊತೆಗೆ ಕೂಗಿಯೂ ಕೂಗಿತು.

1966ರ ಟೂರಿನಲ್ಲಿ ಬೀಟಲ್ಸ್ ಬ್ಯಾಂಡಿನ ಲೆನನ್, ಹ್ಯಾರಿಸನ್ ಇಬ್ಬರೂ ಕ್ಯಾಸಿನೊ ಹಿಡಿದೇ ಸ್ಟೇಡಿಯಂಗಳಲ್ಲಿ ನುಡಿಸಿದ್ದರು. ಅಂದಮೇಲೆ ಕೂಗು ನಿಲ್ಲಿಸಲು ದಾರಿ ಇರಲೇಬೇಕು ಅಲ್ವಾ? ಸುಮಾರು 45 ಸಾವಿರ ಕೊಟ್ಟು ತಗೊಂಡೆ.

ಮೊದಲು ಎಫ್-ಹೋಲ್‌ಗೆ ಹತ್ತಿ ತುರುಕಿದೆ. ಏನೂ ಪ್ರಯೋಜನ ಆಗಲಿಲ್ಲ. ಹೊಟ್ಟೆ ತುಂಬ ಫೋಮ್ ತುಂಬಿದೆ. ಕೂಗು ನಿಂತಿತು, ಜೀವವೂ ಹೋಯಿತು. ಅದಕ್ಕಿಂತ ಡಾಟ್ ವಾಸಿ. ಕೊನೆಗೆ ಎಫ್-ಹೋಲ್ ಮಾತ್ರ ಮುಚ್ಚುವ ಹಾಗೆ ಫೋಮ್ ಕತ್ತರಿಸಿ ಕೂರಿಸಿದೆ. ಆಂಪ್‌ಗೆ ಎದುರಾಗಿ ನಿಲ್ಲುವುದು ಬಿಟ್ಟೆ. ಕೂಗುವ ಒಂದು ಫ್ರೀಕ್ವೆನ್ಸಿಯನ್ನು ಈಕ್ಯೂನಲ್ಲಿ (ಈಕ್ವಲೈಜರ್) ಇಳಿಸಿದೆ. ಬ್ರಿಜ್ (ಮೈಮೇಲೆ ತಂತಿಗಳು ಕೂರುವ ಸೇತುವೆ) ಹತ್ತಿರ ಒಳಗೆ ಇನ್ನೊಂದು ಚೂರು ಇಟ್ಟಿದ್ದೇನೆ, ಅದು ಎಲ್ಲಿ, ಏನು ಅಂತ ಸದ್ಯಕ್ಕೆ ಹೇಳಲ್ಲ. ಎಲ್ಲಾ ಸೇರಿ ಖರ್ಚು ಇನ್ನೂರು ರೂಪಾಯಿ ದಾಟಿಲ್ಲ.

ಮಧ್ಯೆ ಫ್ಲಾಟ್‌ವೂಂಡ್ (ಚಪ್ಪಟೆ ಸುತ್ತಿನ ನುಣುಪು ತಂತಿ) 11ರ ದಪ್ಪದ ಸೆಟ್ ಹಾಕಿ ನೋಡಿದೆ. ಮೂರನೇ ತಂತಿ ಮಂಕಾಯಿತು. ಕ್ಯಾಸಿನೊದಲ್ಲಿರುವ ಡಾಗ್-ಇಯರ್ (ಎರಡು ಬದಿಗೆ ಕಿವಿಯಂಥ ಚಾಚು ಇರುವ) ಪಿ-90ಯನ್ನು ಸ್ಕ್ರೂನಲ್ಲಿ ಎತ್ತಲು ಆಗಲ್ಲ, ಅಡಿಗೆ ಶಿಮ್ (ತೆಳು ಪಟ್ಟಿ) ಕೊಡಬೇಕು. ಹಾಗಾಗಿ ಪಿಕಪ್‌ನಲ್ಲಿ ಆ ತಂತಿಯ ಅಡಿಗಿರುವ ಪೋಲ್ ಸ್ಕ್ರೂ ಅರ್ಧ ಸುತ್ತು ಮೇಲೆತ್ತಿದೆ, ಸರಿಹೋಯಿತು. ಹಳೇ ಹಾಡುಗಳಿಗೆ ಆ ಸೆಟ್ ಬಹಳ ಚಂದ.

ಡಿಮ್ಮರ್ ಲೈಟ್ ಇರುವ ಸ್ಟೇಜಿನಲ್ಲಿ ಪಿ-90 ಗುಂಯ್‌ಗುಡುವುದು ಮಾತ್ರ ಇನ್ನೂ ಇದೆ. ಹಾಡಿನ ಮಧ್ಯೆ ವಾಲ್ಯೂಮ್ ಇಳಿಸಿಕೊಳ್ಳುತ್ತೇನೆ. ಡಿಸ್ಟಾರ್ಷನ್ ಜಾಸ್ತಿ ಬೇಕಾದವರು, ಮೇಲಿನ ಫ್ರೆಟ್‌ಗಳಲ್ಲಿ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಲೀಡ್ ನುಡಿಸುವವರು ಡಾಟ್ ತಗೊಳ್ಳಿ. ಕ್ಯಾಸಿನೊದಲ್ಲಿ 16ನೇ ಫ್ರೆಟ್ ಆಚೆ ಕೈ ಸುಲಭವಾಗಿ ಹೋಗಲ್ಲ.