ಒಂದೇ ಸೂತ್ರ, ಹಲವು ಸೀಮೆ: ಫ್ರ್ಯಾಕ್ಟಲ್‌ನಿಂದ ಊಹಾಲೋಕದ ನಿಸರ್ಗಚಿತ್ರ

ಫ್ರ್ಯಾಕ್ಟಲ್ ಎಂದರೆ ಸಣ್ಣ ಭಾಗವೂ ಇಡಿಯ ಹಾಗೆಯೇ ಕಾಣುವ ಗಣಿತದ ಆಕಾರ. ಅದರ ಚಿತ್ರ ಎಂದೊಡನೆ ನೆನಪಾಗುವುದು ಕಾಮನಬಿಲ್ಲಿನ ಬಣ್ಣಗಳನ್ನೆಲ್ಲ ಒಟ್ಟಿಗೆ ತುಂಬಿದ ಸುರುಳಿಗಳು. ಚಂದವೇನೋ ಹೌದು, ಆದರೆ ಕಣ್ಣು ಎಲ್ಲಿಯೂ ನೆಲೆ ನಿಲ್ಲುವುದಿಲ್ಲ. ಅದೇ ಆಕಾರಕ್ಕೆ ನಾಲ್ಕೇ ಬಣ್ಣ ಅಳೆದು ಕೊಟ್ಟು ನೋಡಿ: ಬೆಟ್ಟ, ಕೆರೆ, ಮುಸ್ಸಂಜೆ ಕಾಣತೊಡಗುತ್ತವೆ. ಗಣಿತ ಕೊಡುವುದು ಆಕಾರವನ್ನಷ್ಟೇ. ಅದನ್ನು ಒಂದು ಊರಿನ ದಿಗಂತವಾಗಿಸುವ ಕೆಲಸ ಬಣ್ಣದ್ದು. ಇದಕ್ಕೆ ಉಚಿತವಾಗಿ ಸಿಗುವ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶ ಸಾಕು.

ಮೊದಲು ಆಕಾರದ ಆಯ್ಕೆ. ನಾವು ತೆಗೆದುಕೊಳ್ಳುವುದು ಜೂಲಿಯಾ ಸೆಟ್. ಫ್ರಾನ್ಸಿನ ಗ್ಯಾಸ್ಟನ್ ಜೂಲಿಯಾ 1918ರಲ್ಲಿ, ಕಂಪ್ಯೂಟರ್ ಎಂಬುದೇ ಇಲ್ಲದ ಕಾಲದಲ್ಲಿ, ಇದರ ಗಣಿತವನ್ನು ಬರೆದಿಟ್ಟರು. ನಿಯಮ ಚಿಕ್ಕದು: ಒಂದು ಸಂಖ್ಯೆಯ ವರ್ಗ ಮಾಡಿ, ಅದಕ್ಕೊಂದು ಸ್ಥಿರಾಂಕ ಕೂಡಿಸಿ, ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡುತ್ತಾ ಹೋಗಿ. ಚಿತ್ರದ ಪ್ರತಿ ಬಿಂದುವೂ ಇಂಥ ಒಂದು ಸಂಖ್ಯೆ. ಕೆಲವು ಬಿಂದುಗಳು ಎಷ್ಟು ಸುತ್ತು ಹಾಕಿದರೂ ಒಳಗೇ ಉಳಿಯುತ್ತವೆ. ಉಳಿದವು ದೂರಕ್ಕೆ ಓಡಿಹೋಗುತ್ತವೆ. ಎಷ್ಟನೆಯ ಸುತ್ತಿನಲ್ಲಿ ಓಡಿತು ಎಂಬ ಲೆಕ್ಕವೇ ಆ ಬಿಂದುವಿನ ಗುರುತು. ಅದಕ್ಕೆ ನೀಲಿ ಹಚ್ಚಬೇಕೋ ಕೇಸರಿಯೋ ಎಂದು ಯಾವ ಸೂತ್ರವೂ ಹೇಳುವುದಿಲ್ಲ.

ಸ್ಥಿರಾಂಕ -0.75 ಆದಾಗ ಬರುವ ಆಕಾರಕ್ಕೆ 'ಸ್ಯಾನ್ ಮಾರ್ಕೊ' ಎಂದು ಹೆಸರು. 1975ರಲ್ಲಿ ಫ್ರ್ಯಾಕ್ಟಲ್ ಎಂಬ ಪದವನ್ನೇ ಟಂಕಿಸಿದ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಇಟ್ಟ ಹೆಸರಿದು. ವೆನಿಸ್ ನಗರದ ಸ್ಯಾನ್ ಮಾರ್ಕೊ ಚರ್ಚಿನ ಗುಮ್ಮಟಗಳೂ, ಚೌಕದಲ್ಲಿ ನಿಂತ ನೀರಿನಲ್ಲಿ ಅವುಗಳ ನೆರಳೂ ಅವರಿಗೆ ಇದರಲ್ಲಿ ಕಂಡವು. ಮೇಲರ್ಧ ಹೇಗಿದೆಯೋ ಕೆಳಗರ್ಧ ತಲೆಕೆಳಗಾಗಿ ಹಾಗೆಯೇ ಇರುತ್ತದೆ. ಅಂದರೆ ನೀರಿನ ಅಂಚು ನಮಗೆ ಬಿಟ್ಟಿಯಾಗಿಯೇ ಸಿಕ್ಕಿತು. ನಿಸರ್ಗಚಿತ್ರಕ್ಕೆ ಕೈಯಿಡುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಗಿಂಪ್‌ನಲ್ಲಿ 1920×1200 ಪಿಕ್ಸೆಲ್‌ನ ಹೊಸ ಕಡತ ತೆರೆಯಿರಿ. ಫಿಲ್ಟರ್ಸ್, ರೆಂಡರ್, ಫ್ರ್ಯಾಕ್ಟಲ್ಸ್ ಮೂಲಕ ಫ್ರ್ಯಾಕ್ಟಲ್ ಎಕ್ಸ್‌ಪ್ಲೋರರ್‌ಗೆ ಹೋಗಿ ಜೂಲಿಯಾ ಆಯ್ದುಕೊಳ್ಳಿ. ಲೆಫ್ಟ್ -1.6, ರೈಟ್ 1.6, ಟಾಪ್ -1, ಬಾಟಮ್ 1, ಸ್ಥಿರಾಂಕದ ಎರಡು ಭಾಗಗಳಾದ ಸಿಎಕ್ಸ್ -0.75, ಸಿವೈ 0. ಇಟರೇಶನ್, ಅಂದರೆ ಸುತ್ತುಗಳ ಮಿತಿಯನ್ನು, 50ರಿಂದ ಶುರು ಮಾಡಿ. ಅದನ್ನು ಒಮ್ಮೆಲೇ ಏರಿಸಿದರೆ ಗುಮ್ಮಟಗಳ ನಡುವಿನ ಕೊರಳು ಸಪೂರವಾಗುತ್ತದೆ ನಿಜ, ಆದರೆ ಆಕಾಶಕ್ಕೆ ಸಿಗಬೇಕಾದ ಛಾಯೆಗಳೆಲ್ಲ ಅಂಚಿನಲ್ಲಿ ಕಿಕ್ಕಿರಿದು ಬಾನು ಬರಿದಾಗಿಬಿಡುತ್ತದೆ. ಕಲರ್ಸ್ ವಿಭಾಗದಲ್ಲಿ ಲಾಗ್‌ಲಾಗ್ ಸ್ಮೂದಿಂಗ್‌ಗೆ ಟಿಕ್ ಹಾಕಿ. ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆಪಟ್ಟೆ ಬೀಳುತ್ತದೆ. ಕಪ್ಪಿನಿಂದ ಬಿಳಿಗೆ ಹೋಗುವ ಗ್ರೇಡಿಯಂಟ್ ಮಾತ್ರ ಕೊಡಿ. ಬಣ್ಣದ ಆಸೆ ಈಗ ಬೇಡ.

ಸಿಕ್ಕ ಚಿತ್ರದ ಹೊರಭಾಗ ಕಪ್ಪಾಗಿದ್ದು, ಆಕಾರದ ಅಂಚಿನತ್ತ ಬೆಳಕು ಏರುತ್ತಿರಬೇಕು. ಉಲ್ಟಾ ಬಂದಿದ್ದರೆ ಇನ್ವರ್ಟ್ ಮಾಡಿ. ಬೆಳಕು ತೀರಾ ಮಂಕಾಗಿದ್ದರೆ ಲೆವೆಲ್ಸ್‌ನಲ್ಲಿ ತುಸು ಹಿಗ್ಗಿಸಿ. ಈ ಬೂದು ಚಿತ್ರದ ಒಂದು ಪ್ರತಿಯನ್ನು ಉಳಿಸಿಕೊಳ್ಳಿ.

ಒಳಭಾಗ ಒಂದೇ ಛಾಯೆಯ ಚಪ್ಪಟೆ ಜಾಗ. ಅದೇ ನಮ್ಮ ಬೆಟ್ಟ. ಸೆಲೆಕ್ಟ್ ಬೈ ಕಲರ್‌ನಿಂದ ಆರಿಸಿ, ಕಾಪಿ ಮಾಡಿ ಬೇರೆ ಲೇಯರ್‌ಗೆ (ಪದರಕ್ಕೆ) ಅಂಟಿಸಿ. ಕೆಳಗೆ ಉಳಿದದ್ದು ಆಕಾಶದ ಲೇಯರ್.

ಈಗ ಆಕಾಶ. ಸೂರ್ಯ ಮುಳುಗಿದ ಹೊತ್ತಿನಲ್ಲಿ ಬೆಟ್ಟದ ಅಂಚಿಗೆ ಅಂಟಿಕೊಂಡಂತೆ ಹೆಚ್ಚು ಬೆಳಕಿರುತ್ತದೆ, ನೆತ್ತಿಯತ್ತ ಹೋದಂತೆ ಕತ್ತಲಾಗುತ್ತದೆ. ನಮ್ಮ ಬೂದು ಚಿತ್ರದ ಕ್ರಮವೂ ಅದೇ. ಗ್ರೇಡಿಯಂಟ್ ಎಡಿಟರ್‌ನಲ್ಲಿ ಎಡದಿಂದ ಬಲಕ್ಕೆ ಕಡುನೀಲಿ, ನೇರಳೆ, ಮಾಸಲು ಕೇಸರಿ, ತುದಿಯಲ್ಲಿ ಬೆಣ್ಣೆಬಣ್ಣ ಇಟ್ಟು, ಆಕಾಶದ ಲೇಯರ್ ಆರಿಸಿ ಕಲರ್ಸ್, ಮ್ಯಾಪ್, ಗ್ರೇಡಿಯಂಟ್ ಮ್ಯಾಪ್ ಒತ್ತಿ. ಕಪ್ಪಿದ್ದಲ್ಲಿ ಗ್ರೇಡಿಯಂಟ್‌ನ ಎಡತುದಿ, ಬಿಳಿಯಿದ್ದಲ್ಲಿ ಬಲತುದಿ ಬಂದು ಕೂರುತ್ತವೆ. ಕೇಸರಿ ಜಾಗ ಕಿರಿದಾಗಿದ್ದಷ್ಟೂ ಸಂಜೆ ನಂಬುವಂತಿರುತ್ತದೆ. ಅರ್ಧ ಆಕಾಶವೇ ಕೇಸರಿಯಾದರೆ ಕ್ಯಾಲೆಂಡರ್ ಚಿತ್ರವಾಗಿಬಿಡುತ್ತದೆ.

ಬೆಟ್ಟದ ಲೇಯರ್‌ಗೆ ಕಪ್ಪಿಗೆ ಹತ್ತಿರದ ನೀಲಿ ತುಂಬಿ. ಅದರ ಪ್ರತಿ ತೆಗೆದು ಗಾತ್ರವನ್ನು ಶೇ 60ಕ್ಕೆ ಇಳಿಸಿ, ಮೂಲ ಬೆಟ್ಟದ ಹಿಂದಿಟ್ಟು, ಎಡಕ್ಕೋ ಬಲಕ್ಕೋ ಸರಿಸಿ. ದೊಡ್ಡ ಗುಮ್ಮಟಗಳ ನಡುವಿನ ಸಂದಿಯಲ್ಲಿ ಅದು ಇಣುಕುತ್ತದೆ. ಮೇಲೆ ಕೆಳಗೆ ಮಾತ್ರ ಸರಿಸಬೇಡಿ, ನೀರಿನ ಅಂಚು ತಪ್ಪುತ್ತದೆ. ಚಿಕ್ಕದಾದದ್ದು ದೂರದ್ದೆಂದು ಕಣ್ಣು ನಂಬಲು ಕಾರಣ ಫ್ರ್ಯಾಕ್ಟಲ್‌ನ ಗುಣವೇ: ಸಣ್ಣ ಭಾಗವೂ ಇಡಿಯ ಹಾಗೆಯೇ ಕಾಣುವುದರಿಂದ ಅದಕ್ಕೆ ತನ್ನದೇ ಆದ ಅಳತೆಯಿಲ್ಲ. ಬಂಡೆಯೂ ಹಾಗೆಯೇ. ಭೂವಿಜ್ಞಾನಿಗಳು ಅದರ ಫೋಟೊ ತೆಗೆಯುವಾಗ ಪಕ್ಕದಲ್ಲೊಂದು ಸುತ್ತಿಗೆಯನ್ನೋ ನಾಣ್ಯವನ್ನೋ ಇಡುವುದು ಇದಕ್ಕಾಗಿಯೇ.

ಆದರೆ ಗಾತ್ರವೊಂದೇ ಸಾಲದು, ದೂರವನ್ನು ಬಣ್ಣವೂ ಹೇಳಬೇಕು. ಮುಳ್ಳಯ್ಯನಗಿರಿಯ ಮೇಲೆ ನಿಂತು ನೋಡಿದವರಿಗೆ ಗೊತ್ತು: ಹತ್ತಿರದ ಗುಡ್ಡ ಹಸಿರು, ಅದರಾಚೆಯದು ನೀಲಿ, ಕೊನೆಯದು ಬಾನಿನಲ್ಲೇ ಕರಗಿದಂತೆ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಆದ್ದರಿಂದ ಹಿಂದಿನ ಬೆಟ್ಟಕ್ಕೆ ಮುಂದಿನದರ ಬಣ್ಣಕ್ಕೂ ಬಾನಂಚಿನ ಬಣ್ಣಕ್ಕೂ ನಡುವಿನದನ್ನು ಕೊಡಿ. ಮೂರು ಸಾಲು ಸಾಕು.

ಎಲ್ಲವನ್ನೂ ಒಂದೇ ಲೇಯರ್‌ಗೆ ಸೇರಿಸಿದ ಒಂದು ಪ್ರತಿಯನ್ನು ಮಾಡಿಕೊಂಡು ಕೆಳಗರ್ಧವನ್ನು ಆಯ್ದುಕೊಳ್ಳಿ. ಕರ್ವ್ಸ್‌ನಲ್ಲಿ ತುಸು ಮಬ್ಬಾಗಿಸಿ, ರಿಪಲ್ ಫಿಲ್ಟರ್ ಹಗುರವಾಗಿ ಹಾಕಿದರೆ ನೀರಾಯಿತು.

ಮರುಬಣ್ಣಕ್ಕೆ ಮತ್ತೆ ಬೂದು ಚಿತ್ರಕ್ಕೇ ಮರಳಿ. ಬಣ್ಣದ ಮೇಲೆ ಬಣ್ಣ ಬದಲಿಸುತ್ತಾ ಹೋದರೆ ಛಾಯೆಗಳು ಕೊಳೆಯಾಗುತ್ತವೆ. ಕಪ್ಪು, ಉಕ್ಕಿನ ಬೂದು, ತಣ್ಣನೆಯ ಬಿಳಿ ಕೊಟ್ಟರೆ ಬೆಳದಿಂಗಳು. ಕಂದು, ಇಟ್ಟಿಗೆಗೆಂಪು, ಧೂಳುಗುಲಾಬಿ ಕೊಟ್ಟರೆ ಯಾವುದೋ ಬೇರೆ ಗ್ರಹದ ಹಗಲು. ವರ್ಣ ಯಾವುದಾದರೂ ಇರಲಿ, ಕತ್ತಲಿನಿಂದ ಬೆಳಕಿಗೆ ಹೋಗುವ ಕ್ರಮ ಕೆಡದಿರಲಿ. ಅನುಮಾನವಿದ್ದರೆ ಚಿತ್ರದ ಒಂದು ಪ್ರತಿಯನ್ನು ಡಿಸ್ಯಾಚುರೇಟ್ ಮಾಡಿ, ಅಂದರೆ ಬಣ್ಣ ಕಳೆದು ಬೂದಾಗಿಸಿ. ಬೂದಿನಲ್ಲೂ ಬೆಟ್ಟ ಬೆಟ್ಟವಾಗಿ, ಬಾನು ಬಾನಾಗಿ ಕಂಡರೆ ಬಣ್ಣ ಸರಿಯಿದೆ.

ಮುದ್ರಿಸುವ ಆಸೆಯಿದ್ದರೆ ಚಿತ್ರವನ್ನು ಎಳೆದು ದೊಡ್ಡದು ಮಾಡಬೇಡಿ. ಎ3 ಕಾಗದಕ್ಕೆ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) 4961×3508 ಪಿಕ್ಸೆಲ್‌ನ ಹೊಸ ಕಡತದಲ್ಲಿ ಅದೇ ಸಂಖ್ಯೆಗಳನ್ನು ಕೊಟ್ಟು ಮತ್ತೆ ಬರೆಸಿ; ಟಾಪ್, ಬಾಟಮ್ ಮಾತ್ರ -1.13 ಮತ್ತು 1.13 ಇರಲಿ. ಗ್ರೇಡಿಯಂಟ್‌ಗೆ ಹೆಸರಿಟ್ಟು ಉಳಿಸಿಕೊಂಡಿದ್ದರೆ ಬಣ್ಣ ಹಾಕುವ ಕೆಲಸ ಕ್ಷಣಗಳದ್ದು.